ಕೊನೆಯ ಬೆಂಚಿನ ಕೇಳುಗ

ಅಕ್ಟೋಬರ್ ಅರ್ಧ ಕಳೆದಿತ್ತು. ರೈ ಧಾನ್ಯ ಬಿತ್ತಿದ ಹೊಲಗಳಲ್ಲಿ ತೆಳುವಾದ ಹಸಿರು ಮೂಡಿತ್ತು. ಪಕ್ಕದ ಹೊಲದಲ್ಲಿ ಆಲೂಗಡ್ಡೆ ಕೀಳುವವರು ಬುಟ್ಟಿ ತುಂಬಿಸುತ್ತಿದ್ದರು. ಒಣಗಿದ ಗಿಡಗಳಿಗೆ ಇಟ್ಟ ಬೆಂಕಿಯ ಹೊಗೆ ಪೈನ್ ಕಾಡಿನ ಅಂಚಿನವರೆಗೂ ಹಬ್ಬಿತ್ತು.

ಆ ಅಂಚಿನಲ್ಲೇ ಎದೆಯುದ್ದ ಆಳದ ಒಂದು ಗುಂಡಿ. ಗುಂಡಿಯೊಳಗೆ ಸಬಿನಾ.

ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಕಲಿಸುವವಳು ಅವಳು. ಚಾಕುವಿನಿಂದ ಗುಂಡಿಯ ಗೋಡೆ ಹೆರೆಯುತ್ತ ಪದರಗಳನ್ನು ತೋರಿಸುತ್ತಿದ್ದಳು. ಮೇಲೆ ನಿಂತ ಬೆರಳೆಣಿಕೆಯ ವಿದ್ಯಾರ್ಥಿಗಳು ಚಿತ್ರ ಬರೆದುಕೊಳ್ಳುತ್ತಿದ್ದರು.

"ಮೇಲಿಂದು ಕಪ್ಪು. ಅದರ ಕೆಳಗೆ ಬೂದಿ ಬಣ್ಣ, ಸಾರ ಎಲ್ಲ ಬಸಿದುಹೋದ ಮಣ್ಣು. ಅದರ ಕೆಳಗೆ..."

"ತುಕ್ಕಿನ ಬಣ್ಣ! ಅದ್ಯಾಕೆ ಹಾಗೆ?"

ಕೇಳಿದ ದನಿ ವಿದ್ಯಾರ್ಥಿಗಳದ್ದಲ್ಲ. ಸಬಿನಾ ಮುಖ ಎತ್ತಿದಳು. ಗುಂಡಿಯ ಅಂಚಿನಲ್ಲಿ ಎತ್ತರದ ಗಂಡಸೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಹೊಳೆಯುವ ಪೇಟೆಯ ಶೂ, ಕೆದರಿದ ನರೆಗೂದಲು. ಅವನ ಕಣ್ಣು ಅವಳ ಮುಖದಿಂದ ಅತ್ತಿತ್ತ ಕದಲಲಿಲ್ಲ.

"ಮಳೆ ಮೇಲಿಂದ ತೊಳೆದಿದ್ದೆಲ್ಲ ಅಲ್ಲಿ ಹೋಗಿ ಸೇರ್ಕೊಳ್ಳುತ್ತೆ" ಎಂದಳು ಅವಳು. "ಕಳೆದೇ ಹೋಯ್ತು ಅಂದ್ಕೋತೀವಿ... ಹೋಗಿರಲ್ಲ. ಅಗೆದು ನೋಡೋರು ಬೇಕು, ಅಷ್ಟೆ."

ಅವನು ಕೈ ಚಾಚಿದ. ಮಣ್ಣು ಮೆತ್ತಿದ ತನ್ನ ಕೈಯನ್ನು ಕೊಡಲೋ ಬೇಡವೋ ಎಂದು ಅವಳು ಅನುಮಾನಿಸುವಷ್ಟರಲ್ಲೇ ಹಿಡಿದು ಮೇಲೆತ್ತಿಬಿಟ್ಟ.

"ವಿತೋಲ್ಡ್. ರಸಾಯನಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಬಂದಿದೀನಿ. ಆಫೀಸಿನ ಬೋಜೆನಾ ಅವ್ರು ನಮ್ಮಿಬ್ಬರನ್ನ ಜೋಡಿ ಹಾಕಿದಾರಂತೆ."

ವಿದ್ಯಾರ್ಥಿಗಳು ಕಿಸಕ್ಕನೆ ನಕ್ಕರು.

"ಹೊಸ ಸೂಚನೆ ಪ್ರಕಾರ!" ಅವನು ಅವಸರದಿಂದ ಸೇರಿಸಿದ. ಅವನ ಕಿವಿಯ ತುದಿ ಕೆಂಪಾಗಿತ್ತು.

ಬೋಧನೆ, ಕಲಿಕೆ, ಮೌಲ್ಯಮಾಪನದ ಹೊಸ ಸೂಚನೆಗಳು ಆ ವಾರವಷ್ಟೇ ವಿಜ್ಞಾನ ವಿಭಾಗದ ಎಲ್ಲರಿಗೂ ಬಂದಿದ್ದವು. ಪ್ರತಿಯೊಬ್ಬರೂ ತಮ್ಮ ಜೋಡಿಯ ಸಹೋದ್ಯೋಗಿಯ ಪಾಠಕ್ಕೆ ಒಮ್ಮೆ ಹೋಗಿ ಕೂರಬೇಕು. ಕೊನೆಯ ಬೆಂಚಿನಲ್ಲಿ, ತುಟಿ ಬಿಚ್ಚದೆ. ಆಮೇಲೆ ಅಭಿಪ್ರಾಯ ಬರೆದು ಕೊಡಬೇಕು. ಕ್ರಿಸ್ಮಸ್ ಒಳಗೆ ಅಭಿಪ್ರಾಯ ಬಾರದ ಐಚ್ಛಿಕ ವಿಷಯ ಮುಂದಿನ ವರ್ಷಕ್ಕೆ ಇಲ್ಲ.

ಸಬಿನಾಳ ಮಣ್ಣಿನ ಪಾಠ ಐಚ್ಛಿಕ ವಿಷಯ. ಅವಳಿಗೆ ಉಳಿದಿದ್ದು ಅದೊಂದೇ.

"ಗುರುವಾರ ಬರ್ತೀನಿ. ಪಾಠ ಪೂರ್ತಿ ಕೇಳ್ಬೇಕು ನಾನು" ಎಂದ ವಿತೋಲ್ಡ್, ಕೆಸರಲ್ಲಿ ಹೂತ ಶೂ ಕಿತ್ತುಕೊಳ್ಳುತ್ತ.

'ಪೂರ್ತಿ ಕೇಳಬೇಕು...' ಆ ಮಾತು ಅವಳನ್ನು ಬಸ್ಸಿನವರೆಗೂ, ಬಸ್ಸಿನಿಂದ ಒಂಟಿ ಕೋಣೆಯವರೆಗೂ ಹಿಂಬಾಲಿಸಿತು. ಬೀಟ್‌ರೂಟ್ ಸೂಪು ಬಿಸಿಗಿಟ್ಟು, ಎದುರಿಗಿನ ಖಾಲಿ ಕುರ್ಚಿ ನೋಡಿದಳು. ಹಿಂದೆ ಅದರಲ್ಲಿ ಕೂರುತ್ತಿದ್ದ ಗಂಡ ಪ್ರತಿ ಸಂಜೆ ಒಂದೇ ಮಾತು ಹೇಳುತ್ತಿದ್ದ: "ಸಾಕು ಮಾಡು ನಿನ್ನ ಮಣ್ಣಿನ ಪುರಾಣ." ಹೇಳಿ ಎದ್ದು ಹೋಗುತ್ತಿದ್ದ. ಒಂದು ದಿನ ಹಾಗೆ ಹೋದವನು ತಿರುಗಿ ಬರಲಿಲ್ಲ.

ಗುರುವಾರ ಅವಳು ನೀಲಿ ಶಾಲು ಹೊದ್ದಳು. ಸುಮ್ಮನೆ, ಚಳಿಗೆ... ಎಂದುಕೊಂಡಳು!

ವಿತೋಲ್ಡ್ ಬಂದು ಕೊನೆಯ ಬೆಂಚಿನಲ್ಲಿ ಕೂತ. ಅವನನ್ನು ಕಂಡದ್ದೇ ಅವಳು ಶಾಲು ಸರಿಮಾಡಿಕೊಂಡಳು. ಎಂದಿನಂತೆ ಹಲಗೆಯ ಕಡೆ ತಿರುಗಿದಳು. ಹಲಗೆ ಎದ್ದು ಹೋಗುವುದಿಲ್ಲ, ಆಕಳಿಸುವುದಿಲ್ಲ. ಎಷ್ಟೋ ವರ್ಷದಿಂದ ಅವಳು ಪಾಠ ಹೇಳುತ್ತಿದ್ದದ್ದು ಹಲಗೆಗೇ. ಸೀಮೆಸುಣ್ಣ ಓಡಿತು, ಮೆಲುದನಿ ಅದರ ಜೊತೆಗೇ ಓಡಿತು. ಇವತ್ತು ಪಾಠ ಚೆನ್ನಾಗಿ ಬರುತ್ತಿದೆ ಎಂದು ಅವಳಿಗೇ ಅನ್ನಿಸಿತು...

ಬಾಗಿಲು ಕಿರ್ರೆಂದಿತು.

ತಿರುಗಿ ನೋಡಿದಳು. ಕೊನೆಯ ಬೆಂಚು ಖಾಲಿ!

ಪಾಠ ಆಗಷ್ಟೇ ಅರ್ಧವಾಗಿತ್ತು.

ಮರುದಿನ ಕಾರಿಡಾರಿನಲ್ಲಿ ವಿತೋಲ್ಡ್ ಎದುರಾದ. "ಸಬಿನಾ ಅವ್ರೇ, ಒಂದ್ನಿಮಿಷ. ನಿನ್ನೆ ನಾನು..."

"ನೀವೇನೂ ಹೇಳ್ಬೇಕಾಗಿಲ್ಲ" ಎಂದಳು, ನಿಲ್ಲದೆ, ಮುಖ ತಿರುಗಿಸದೆ. ಅವನಿಗೆ ಅದು ಕೇಳಿಸಿತೋ ಇಲ್ಲವೋ ನೋಡಲೂ ಇಲ್ಲ. ಹಿಂದೆ ಎರಡು ಹೆಜ್ಜೆಯ ಸದ್ದು ಬಂತು... ಆಮೇಲೆ ನಿಂತಿತು.

ನವೆಂಬರ್ ಮೊದಲ ದಿನ, ವಾಡಿಕೆಯಂತೆ, ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ಹಿರಿಯರ ಸಮಾಧಿಗಳಿಗೆ ದೀಪ ಇಟ್ಟಿತು. ಸಬಿನಾ ಅಪ್ಪನ ಕಲ್ಲಿನ ಮೇಲಿದ್ದ ಎಲೆ ಗುಡಿಸಿ, ಕೆಂಪು ಗಾಜಿನ ದೀಪ ಹಚ್ಚಿದಳು. ಸುತ್ತ ಮಕ್ಕಳು ಮರಿ, ಅಣ್ಣ ತಂಗಿಯರು, ಹೂವಿನ ಬುಟ್ಟಿಗಳು. ಅವಳ ಪಕ್ಕದಲ್ಲಿ ಯಾರೂ ಇಲ್ಲ.

"ಅಪ್ಪಾ, ನನ್ನ ಮಾತು ಅಷ್ಟೊಂದು ಬೇಸರವಾ?"

ಗಾಳಿಗೆ ದೀಪ ಆರದ ಹಾಗೆ ಕೈ ಅಡ್ಡ ಹಿಡಿದಳು.

ತಿಂಗಳ ಕೊನೆಗೆ ಬೋಜೆನಾ ಅವಳನ್ನು ಆಫೀಸಿಗೆ ಕರೆಸಿಕೊಂಡಳು. ಡೀನ್‌ಗೂ ಹೆದರದವರು ಬೋಜೆನಾಗೆ ಹೆದರುತ್ತಿದ್ದರು.

"ಮೇಡಂ, ಏನು ನಿಮ್ಮ ಕಥೆ? ಅವನು ನಿಮ್ಮ ಬಗ್ಗೆ ಒಂದಕ್ಷರ ಬರೆದುಕೊಟ್ಟಿಲ್ಲ. ನೀವು ಅವನ ಪಾಠಕ್ಕೆ ಕಾಲೇ ಇಟ್ಟಿಲ್ಲ. ನಾನು ಜೋಡಿ ಹಾಕಿದ್ದು ಪಾಠ ಕೇಳೋಕೆ, ಮುನಿಸ್ಕೊಳ್ಳೋಕಲ್ಲ!"

"ನನ್ನ ವಿಷಯ ಮುಚ್ಚಿಹೋದ್ರೆ ಹೋಗ್ಲಿ, ಬೋಜೆನಾ ಅವ್ರೇ."

"ನಿಮ್ಮದು ಮುಚ್ಚಿದ್ರೆ ಮುಚ್ಲಿ. ಅವನ ಬಾಕಿ ಯಾಕೆ ಉಳಿಸ್ಕೋತೀರ? ಅವನು ಬಂದು ಅರ್ಧನಾದ್ರೂ ಕೂತ. ನೀವು ಅಷ್ಟೂ ಮಾಡಿಲ್ಲ. ನಡೀರಿ, ಇವತ್ತೇ ಅವನ ಕ್ಲಾಸಿದೆ!"

ಸಬಿನಾ ಹೋದಳು. ಯಾರ ಬಾಕಿಯೂ ತನಗೆ ಬೇಡ. ಕೊನೆಯ ಬೆಂಚಿನಲ್ಲಿ ಬಿಗಿದುಕೊಂಡು ಕೂತಳು.

ಕೂತಷ್ಟೂ ಅವಳಿಗೆ ವಿಚಿತ್ರವೆನ್ನಿಸಿತು. ಪ್ರಶ್ನೆ ಕೇಳಬೇಕಾದವರು ಎದ್ದು ನಿಲ್ಲುತ್ತಿದ್ದರು. ವಿತೋಲ್ಡ್ ಬೆಂಚಿನವರೆಗೂ ನಡೆದು ಹೋಗಿ, ಬಲಗಡೆ ವಾಲಿ, ಅವರ ಮುಖವನ್ನೇ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ.

"ಎಲ್ರೂ ಯಾಕೆ ಎದ್ದು ನಿಲ್ತೀರ?" ಪಕ್ಕದ ಹುಡುಗಿಯನ್ನು ಪಿಸುದನಿಯಲ್ಲಿ ಕೇಳಿದಳು.

ಹುಡುಗಿ ಆಶ್ಚರ್ಯದಿಂದ ನೋಡಿದಳು. "ಸರ್‌ಗೆ ಎಡಗಿವಿ ಕೇಳ್ಸಲ್ಲ, ಮೇಡಂ. ಬಲಗಿವೀನೂ ಅಷ್ಟಕ್ಕಷ್ಟೆ. ಮುಖ ಕಂಡ್ರೆ ಮಾತು ತಿಳಿಯುತ್ತೆ. ಮೊದಲ ದಿನಾನೇ ಹೇಳಿದ್ರಲ್ಲ... ನಿಮಗೆ ಹೇಳಿಲ್ವಾ?"

ಸಬಿನಾ ಮುಂದಿದ್ದ ಹಲಗೆಯ ಕಡೆ ನೋಡಿದಳು.

ಕೊನೆಯ ಬೆಂಚು. ಹಲಗೆ. ಬೆನ್ನು. ಮೆಲುದನಿ... ಕಾರಿಡಾರಿನಲ್ಲೂ ಬೆನ್ನು!

'ಅಯ್ಯೋ, ಅವರಿಗೆ ನಾನು ನನ್ನ ಬೆನ್ನು ಬಿಟ್ಟರೆ ಇನ್ನೇನು ಕೊಟ್ಟೆ!'

ಕ್ಲಾಸು ಖಾಲಿಯಾದ ಮೇಲೆ ಅವಳು ಅವನ ಎದುರಿಗೆ, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತಳು.

"ಎದ್ದು ಯಾಕೆ ಹೋದ್ರಿ?"

ಅವನು ಮೇಜಿನ ಮೇಲಿನ ಸೀಮೆಸುಣ್ಣದ ಪುಡಿಯನ್ನು ಕೈಯಿಂದ ಒರೆಸಿದ. "ಒಂದು ಮಾತೂ ಕೇಳಿಸ್ಲಿಲ್ಲ. ಕೇಳದೆ 'ಚೆನ್ನಾಗಿದೆ' ಅಂತ ಬರೆದ್ರೆ ಸುಳ್ಳು. 'ಚೆನ್ನಾಗಿಲ್ಲ' ಅಂತ ಬರೆದ್ರೆ ಇನ್ನೂ ದೊಡ್ಡ ಸುಳ್ಳು. ಕೂತು ನಾಟಕ ಆಡೋಕೆ ಆಗ್ಲಿಲ್ಲ, ಸಬಿನಾ ಅವ್ರೇ."

"ವಿದ್ಯಾರ್ಥಿಗಳಿಗೆ ಹೇಳಿದ್ರಿ. ನನಗೆ ಹೇಳ್ಬಾರದಿತ್ತಾ?"

"ಹಿಂದಿದ್ದ ಕಡೆ ಸಹೋದ್ಯೋಗಿಗಳಿಗೆ ಹೇಳ್ದೆ. 'ಪಾಪ' ಅಂತ ಒಂದೊಂದೇ ಪಾಠ ಬೇರೆಯೋರಿಗೆ ಕೊಟ್ರು. ಆಮೇಲೆ ಮೀಟಿಂಗಲ್ಲಿ ನನ್ನ ಮಾತನ್ನೂ ಅವರೇ ಆಡೋಕೆ ಶುರು ಮಾಡಿದ್ರು." ಅವನು ಸೋತ ನಗೆ ನಕ್ಕ. "ನಿಮ್ಮ ಬಾಯಲ್ಲೂ 'ಪಾಪ' ಕೇಳೋಕೆ ಧೈರ್ಯ ಇರ್ಲಿಲ್ಲ. ಆದ್ರೂ ಹೇಳೋಣ ಅಂತಾನೇ ಮಾರನೇ ದಿನ ಬಂದೆ..."

"...ನಾನು ನಿಲ್ಲಲಿಲ್ಲ." ಸಬಿನಾ ಈ ಸಲ ಮುಖ ತಿರುಗಿಸಲಿಲ್ಲ. ಅವನನ್ನೇ ನೋಡುತ್ತ ಹೇಳಿದಳು: "ಶನಿವಾರ ಆ ಗುಂಡಿ ಮುಚ್ಚಬೇಕು. ನೆಲ ಹೆಪ್ಪುಗಟ್ಟೋಕೆ ಮುಂಚೆ ಮುಚ್ತೀನಿ ಅಂತ ಹೊಲದೋರಿಗೆ ಮಾತು ಕೊಟ್ಟಿದೀನಿ. ನೀವೂ ಒಂದು ಪಾಠದಲ್ಲಿ ಅರ್ಧ ಬಾಕಿ ಇಟ್ಟಿದೀರ. ಸಲಿಕೆ ತನ್ನಿ."

ಶನಿವಾರ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಮಂಜು ಕೂತಿತ್ತು. ಹೊಲದಲ್ಲಿ ನರಪಿಳ್ಳೆಯಿರಲಿಲ್ಲ, ಕಾಡಿನ ಮೇಲೆ ಕಾಗೆಗಳಷ್ಟೇ. ವಿತೋಲ್ಡ್ ಈ ಸಲ ರಬ್ಬರ್ ಬೂಟು ಹಾಕಿಕೊಂಡು, ಸಲಿಕೆ ಹೊತ್ತು ಬಂದ.

ಸಬಿನಾ ಗುಂಡಿಗಿಳಿದಳು. ಗೋಡೆಗೆ ಬೆನ್ನು ಕೊಟ್ಟು, ಮುಖ ಎತ್ತಿ, ಅಂದು ಅವನಿಗೆ ಕೇಳಿಸದ ಪಾಠವನ್ನು ಮೊದಲಿಂದ ಶುರುಮಾಡಿದಳು. ನೀರು ಹೇಗೆ ಇಳಿಯುತ್ತದೆ, ಬೇರು ಎಲ್ಲಿಯವರೆಗೆ ಹುಡುಕಿಕೊಂಡು ಹೋಗುತ್ತದೆ... ಅವನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ. ಕೊನೆಯವರೆಗೂ ಏಳಲಿಲ್ಲ.

ಪಾಠ ಮುಗಿಯಿತು. ಅವಳಿಗೆ ಕಣ್ಣು ಮಂಜಾಯಿತು. ಯಾರೋ ಪೂರ್ತಿ ಕೇಳಿದ್ದರು!

ಅವನು ಕೈ ಕೊಟ್ಟು ಮೇಲೆತ್ತಿದ. ಇಬ್ಬರೂ ಸೇರಿ ಮಣ್ಣು ತುಂಬಿದರು. ಮೊದಲು ತುಕ್ಕಿನ ಬಣ್ಣದ್ದು, ಆಮೇಲೆ ಬೂದಿ, ಎಲ್ಲಕ್ಕೂ ಮೇಲೆ ಕಪ್ಪು. ಯಾವ ಪದರವೂ ಜಾಗ ತಪ್ಪದ ಹಾಗೆ.

"ಸೋಮವಾರ ನಾನು ಅಭಿಪ್ರಾಯ ಬರೆದು ಕೊಡ್ತೀನಿ" ಎಂದ ವಿತೋಲ್ಡ್, ಸಲಿಕೆಗೆ ಒರಗಿ. "ಹಲಗೆ ಕಡೆ ತಿರುಗಿ ಮಾತಾಡ್ತಾರೆ, ಅದು ಸರಿಯಲ್ಲ ಅಂತಾನೂ ಬರೀತೀನಿ."

"ಬರೀರಿ. ಆ ಮಕ್ಕಳು ಪಾಪ, ಇಷ್ಟು ವರ್ಷ ನನ್ನ ಬೆನ್ನು ನೋಡ್ಕೊಂಡೇ ಪಾಠ ಕೇಳಿದಾರೆ."

"ಒಂದು ಮಾತ್ರ ಅದರಲ್ಲಿ ಬರೆಯೋಕಾಗಲ್ಲ." ಅವನ ದನಿ ತಗ್ಗಿತು. "ಆ ಮೊದಲನೇ ದಿನ, ಇಲ್ಲಿ... ಬಹಳ ವರ್ಷಗಳ ಮೇಲೆ ಒಬ್ಬರ ಮಾತು ಒಂದೂ ತಪ್ಪದೆ ಕೇಳಿಸ್ತು ನನಗೆ. ಅವತ್ತಿಂದ ಬೇರೆ ಯಾರ ಮಾತೂ ರುಚಿಸ್ತಿಲ್ಲ."

ಸಬಿನಾ ಹಸಿ ಮಣ್ಣನ್ನು ಬೂಟುಗಾಲಿನಿಂದ ಮೆಲ್ಲಗೆ ಮೆಟ್ಟಿದಳು. ಅವರ ಕಡೆ 'ನೀವು' ಬಿಟ್ಟು 'ನೀನು' ಅನ್ನಬೇಕಾದರೆ ಹೆಣ್ಣೇ ಮೊದಲು ಹೇಳಬೇಕು. ಹೇಳಿಬಿಟ್ಟರೆ ಹಿಂದಕ್ಕೆ ಪಡೆಯುವಂತಿಲ್ಲ.

ಅವಳು ಅವನ ಬಲಗಡೆಗೆ ಬಂದು ನಿಂತಳು.

"ನೀನು ಕೊನೇ ಬೆಂಚಲ್ಲಿ ಕೂರೋದು ಬೇಡ, ವಿತೋಲ್ಡ್. ನನ್ನೆದುರು ಕೂತ್ಕೋ. ಮನೇಲಿ ಒಂದು ಕುರ್ಚಿ ಖಾಲಿ ಇದೆ."

ಅವನು ತಲೆ ವಾಲಿಸಿದ. "ಕೇಳಿಸ್ಲಿಲ್ಲ."

"ಸುಳ್ಳು! ಕೇಳಿಸ್ತು ನಿಂಗೆ!"

"ಕೇಳಿಸ್ತು..." ಅವನ ಕಣ್ಣು ತುಂಬಿತ್ತು. "ಇನ್ನೊಂದ್ಸಲ ಹೇಳು."