ಬೊಗಸೆಯೊಳಗಿನ ರೇಡಿಯಂ

“ಅದನ್ನ ಕಣ್ಗೆ ಇಟ್ಕಂಡು ನೋಡ್ಬ್ಯಾಡಿ ಸಾ. ಬ್ಯಾಡ ಅಂತೀನಿ, ದಮ್ಮಯ್ಯ.”

ಚಿಕ್ಕಮಾದಮ್ಮ ಮೊರವನ್ನು ಜಗಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಮೊರದಲ್ಲಿ ಎರಡು ಡೈವರ್ ವಾಚುಗಳಿದ್ದವು; ನೀರಿಗಿಳಿಯುವವರು ಕಟ್ಟುವ ದಪ್ಪ ಗಾಜಿನ, ಭಾರದ ವಾಚುಗಳು, ಒಂದು ಹಳೆಯದು, ಒಂದು ಹೊಸದು. ಕೈಗೆ ಕೊಡದೆ ಮೊರದಲ್ಲಿಟ್ಟ ಆ ಮರ್ಯಾದೆ ನೋಡಿ ಶಿವಶಂಕರನಿಗೆ ನಗು ಬಂತು. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಹಳೆ ವಾಚು ಕೊಂಡು, ಬಿಚ್ಚಿ, ತೊಳೆದು, ಮಾರಿ ಬದುಕಿದವನು ಅವನು. ಕೊಳ್ಳೇಗಾಲ ಎಂದರೆ ಮಾಟ ಎಂದು ಹೊರಗಿನವರು ಆಡುವುದನ್ನು ಕೇಳಿದ್ದನೇ ಹೊರತು ಎಂದೂ ನಂಬಿದವನಲ್ಲ.

“ಯಾಕಮ್ಮಾ, ಕಚ್ಚುತ್ತಾ ವಾಚು?” ಎಂದ.

ಪಕ್ಕದಲ್ಲಿದ್ದ ದೇವರಾಜನೂ ನಕ್ಕ. ಇಬ್ಬರೂ ಒಂದೇ ಮೇಜಿಗೆ ಮೊಣಕೈಯೂರಿ, ಒಬ್ಬರೇ ಗುರುಗಳಿಂದ ಬೈಸಿಕೊಂಡು ಕಸುಬು ಕಲಿತವರು. ದೇವರಾಜನ ಅಂಗಡಿ ಈಗ ಕೊಳ್ಳೇಗಾಲದಲ್ಲಿ. ಕಣ್ಣಿನ ಪೊರೆ ತೆಗೆಸಿದ್ದೇನೆಂದು ಕಪ್ಪು ಕನ್ನಡಕ ಹಾಕಿದ್ದ. ‘ನಂಗೆ ಸರ್ಯಾಗಿ ಕಾಣಕಿಲ್ಲ ಕಣ್ಲಾ, ನೀನೇ ಬಂದು ನೋಡಿ ತಕಂಡೋಗು’ ಎಂದು ಮೂರು ಸಲ ಫೋನ್ ಮಾಡಿದ್ದ. ಶಿವಶಂಕರ ಹೆಂಡತಿ ಯಶೋದಳನ್ನು ಕೊಳ್ಳೇಗಾಲದಲ್ಲಿ ನೇಕಾರರ ಮನೆಯೊಂದರಲ್ಲಿ ಸೀರೆ ಆರಿಸಲು ಬಿಟ್ಟು, ಗೆಳೆಯನೊಂದಿಗೆ ಆಟೋದಲ್ಲಿ ಹೊಳೆದಂಡೆಯ ಈ ಮುಳ್ಳೂರಿಗೆ ಬಂದಿದ್ದ.

“ನಮ್ಮ ಯಜಮಾನ ಹೊಳೇಲಿ ಮುಳುಗ್ದೋರ ಹೆಣ ತೆಗೀತಿದ್ದ ಸಾ,” ಎಂದಳು ಚಿಕ್ಕಮಾದಮ್ಮ. “ಆ ಹಳೇದು ಒಂದು ಹೆಣದ ಕೈಯಿಂದ ಕಳಚ್ಕಂಡಿದ್ದು. ಗೊತ್ತಾಗಿ ಆ ಹೈದನ ಅವ್ವ ಮಾಟ ಮಾಡ್ಸುದ್ಲು. ‘ನನ್ನ ಮಗ ನೀರಿನ ತಳದಲ್ಲಿ ಕಂಡ ಕತ್ಲೇನೇ ಇದ್ಕೆ ಕಣ್ಣಿಟ್ಟೋರೂ ಕಾಣ್ಲಿ’ ಅಂತ. ನಮ್ಮೆಜಮಾನ ಕುರುಡಾಗೇ ಸತ್ತ.”

“ಮುದುಕಿ ಏನೋ ಏಳ್ತದೆ. ಎರಡ್ರಲ್ಲಿ ನಿಂಗ್ಯಾವ್ದು ಬೇಕೋ ತಕೋ,” ಎಂದ ದೇವರಾಜ್.

ಶಿವಶಂಕರ ಹೊಸದನ್ನು ಮೊದಲು ಎತ್ತಿದ. ಕತ್ತಲಲ್ಲಿ ಹೊಳೆಯುವ ಬಣ್ಣ ಯಾವುದೇ ಇರಲಿ, ಕಸುಬಿನವರ ಬಾಯಲ್ಲಿ ಅದು ರೇಡಿಯಂ. ಹೊಸ ಬಗೆಯದು ಬೆಳಕು ಕುಡಿದು ಹೊಳೆಯುತ್ತದೆ. ಒಂದು ಗಳಿಗೆ ಬಿಸಿಲಿಗೆ ಹಿಡಿದರೆ ಸಾಕು. ಹಳೆಯ ಬಗೆಯದಕ್ಕೆ ಯಾರ ಬೆಳಕೂ ಬೇಡ, ತಾನೇ ಉರಿದು ವರ್ಷಗಳ ಮೇಲೆ ತಾನೇ ಆರುತ್ತದೆ. ಆರಿದ್ದಕ್ಕೇ ಬೆಲೆ. ಇನ್ನೂ ಹೊಳೆಯುತ್ತಿದ್ದರೆ ಯಾರೋ ಮೇಲೆ ಹೊಸ ಬಣ್ಣ ಬಳಿದಿದ್ದಾರೆಂದು ಅರ್ಥ. ಹಗಲಲ್ಲಿ ಇದನ್ನು ಪರೀಕ್ಷಿಸುವ ದಾರಿ ಒಂದೇ. ವಾಚನ್ನು ಬೊಗಸೆಯಲ್ಲಿ ಮುಚ್ಚಿ, ಹೆಬ್ಬೆರಳುಗಳ ಸಂದಿಗೆ ಕಣ್ಣೊತ್ತಿ ನೋಡಬೇಕು. ಅವನ ಗುರುಗಳು ಮೊದಲ ದಿನ ಹೇಳಿಕೊಟ್ಟದ್ದೇ ಅದನ್ನು.

ಹೊಸದು ಬೊಗಸೆಯಲ್ಲಿ ಹಚ್ಚಗೆ ಹೊಳೆಯಿತು. ಚೆನ್ನಾಗಿತ್ತು, ಆದರೆ ಅಂಥವು ಬೇಕಾದಷ್ಟು ಸಿಗುತ್ತವೆ. ಹಳೆಯದರ ಚುಕ್ಕೆಗಳು ಹಳೆ ತುಪ್ಪದ ಬಣ್ಣಕ್ಕೆ ತಿರುಗಿದ್ದವು, ಸಣ್ಣಗೆ ಬಿರುಕೂ ಬಿಟ್ಟಿದ್ದವು. ಅವನು ಅದನ್ನು ಎತ್ತಿಕೊಂಡ. ಇಂಥದ್ದನ್ನು ಹುಡುಕಿ ಎಷ್ಟು ವರ್ಷವಾಗಿತ್ತು!

“ಸಾ, ಬ್ಯಾಡಿ!”

ಅವನು ಬೊಗಸೆ ಮುಚ್ಚಿ ಬಲಗಣ್ಣು ಒತ್ತಿದ.

ಕತ್ತಲೆ. ಚುಕ್ಕೆಗಳು ಆರಿದ್ದವು. ಅಪ್ಪಟ ಮಾಲು! ತುಟಿಯಲ್ಲಿ ನಗು ಮೂಡುವಷ್ಟರಲ್ಲಿ ಮೂಗಿಗೆ ಪಾಚಿಯ ವಾಸನೆ ಬಡಿಯಿತು. ಆಮೇಲೆ ಕೊಳೆತ ಕೆಸರಿನದು. ಅಂಗೈ ಒದ್ದೆಯಾಯಿತು. ಒಳಗೆಲ್ಲೋ ಗುಳುಗುಳು ಸದ್ದು. ಯಾರೋ ನೀರಿನೊಳಗೆ ಉಸಿರು ಬಿಡುವ ಸದ್ದು. ಒಂದು ಚುಕ್ಕೆ ಹೊತ್ತಿಕೊಂಡಿತು. ಇನ್ನೊಂದು. ಮತ್ತೊಂದು. ಹಸಿರಲ್ಲ, ನೀಲಿಯಲ್ಲ, ಹೆಣದ ಬಿಳುಪು. ಅವು ಅಲುಗಿದವು. ಹತ್ತಿರ ಬಂದವು. ಚುಕ್ಕೆಗಳ ನಡುವೆ ಒಂದು ಕಣ್ಣು. ರೆಪ್ಪೆಯಿಲ್ಲದ ಕಣ್ಣು. ಅದು ಅವನನ್ನೇ ನೋಡುತ್ತಿತ್ತು. ಕೈ ತೆಗೆಯಬೇಕು. ಕೈ ಬರುತ್ತಿಲ್ಲ. ಉಸಿರಿಲ್ಲ. ನೀರು. ಬರೀ ನೀರು.

ಅವನು ಚೀರಿ ಕೈ ಕೊಡವಿದ. ವಾಚು ಮೊರದಲ್ಲಿ ಬಿತ್ತು. ಅಂಗಳದ ಬಿಸಿಲು ಹಾಗೇ ಇತ್ತು, ಆದರೆ ಬಲಗಡೆಯ ಅರ್ಧ ಲೋಕ ಇರಲಿಲ್ಲ. ಐಗ್ಲಾಸಿನ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಕಣ್ಣು, ತೆರೆದೇ ಇದ್ದರೂ, ಏನನ್ನೂ ಕಾಣುತ್ತಿರಲಿಲ್ಲ.

ದೇವರಾಜ್ ಎದ್ದು ನಿಂತಿದ್ದ. ಕಪ್ಪು ಕನ್ನಡಕ ತೆಗೆದು ಹೊಳೆಯ ಕಡೆ ನೋಡುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಆಚೆ ದಡದಲ್ಲಿ ಬೆಳ್ಳಕ್ಕಿ ಕಣ್ಲಾ ಶಿವ! ನಾಕವೆ! ನಾಕೂ ಕಾಣ್ತಾವೆ!”

“ದೇವು… ನನ್ನ ಕಣ್ಣು…”

“ಓದ ವರ್ಷ ನಾನೂ ಈ ಮುದುಕಿ ಮಾತು ಕೇಳ್ನಿಲ್ಲ ಕಣ್ಲಾ. ನೋಡಿದ ಕಣ್ಣು ಅವತ್ತೇ ಓಯ್ತು, ಇನ್ನೊಂದು ವಾರಕ್ಕೆ ಓಯ್ತು. ಬ್ಯಾಡ ಅಂದ್ಮೇಲೂ ಇನ್ನೊಬ್ರು ಕಣ್ಣಿಟ್ರೆ ಮಾತ್ರ ನಮ್ಮಿಂದ ಇಳೀತದೆ.” ಅವನು ಶಿವಶಂಕರನ ಮುಖ ನೋಡದೆ ಹೇಳುತ್ತಿದ್ದ. “ಬ್ಯಾರೆ ಗಿರಾಕಿಗಳು ದೂರದಿಂದ ನೋಡಿ ಚಂದಾಗದೆ ಅಂತಾರೆ. ಬೊಗಸೆ ಮುಚ್ಚಿ ನೋಡೋದು ಗೊತ್ತಿರೋನು ನೀನೊಬ್ಬನೇ. ಹೊಸದ್ನೂ ತಕಂಡೋಗು. ಮುದುಕಿಗೆ ಕಾಸು ನಾನೇ ಕೊಟ್ಟಿವ್ನಿ.”

ಕಣ್ಣು ಹೋದದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು. ಒಂದೇ ತಟ್ಟೆಯಲ್ಲಿ ಉಂಡವನು ಅವನ ಕಸುಬನ್ನೇ ಗಾಳವಾಗಿಸಿದ್ದ. ಎಚ್ಚರಿಕೆಯ ಮಾತೂ ಆ ಗಾಳದ ಎರೆಯೇ ಆಗಿತ್ತು, ಪಾಪದ ಮುದುಕಿಗೆ ಅದರ ಅರಿವೂ ಇರಲಿಲ್ಲ. ಶಿವಶಂಕರ ಅವನ ಕೊರಳಪಟ್ಟಿಗೆ ಕೈ ಹಾಕಿದ. ಬಲಕ್ಕೆ ಸರಿದವನು ಕಾಣದೇ ಹೋದ. ಆಟೋ ಹೊರಟ ಸದ್ದು ಮಾತ್ರ ಕೇಳಿಸಿತು.

“ಹೊಳೆಗೆ ಎಸ್ದುಬುಡಿ ಸಾ,” ಚಿಕ್ಕಮಾದಮ್ಮ ಅಳುತ್ತಿದ್ದಳು. “ನಿಮ್ಮ ಕಣ್ಣು ಬರಕಿಲ್ಲ. ಆದ್ರೆ ಇನ್ಯಾರ್ಗೂ ಹತ್ತಕಿಲ್ಲ. ನನ್ ಕೈಲಾದ್ರೆ ನಾನೇ ಎಸೀತಿದ್ದೆ, ಮುಟ್ಟಕೆ ಧೈರ್ಯ ಇಲ್ಲ.”

ಅವನು ಹೊಸದನ್ನು ಜೇಬಿಗಿಳಿಸಿ, ಹಳೆಯದನ್ನು ಹಿಡಿದು ದಡಕ್ಕೆ ಹೋದ. ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಕೈ ಎತ್ತಿದ. ಒಂದು ವಾರ, ಆಮೇಲೆ ಎಡಗಣ್ಣೂ ಇಲ್ಲ. ಅಂಗಡಿ ಇಲ್ಲ, ಕಸುಬಿಲ್ಲ, ಗೋಡೆ ತಡವಿಕೊಂಡು ನಡೆಯುವ ಬಾಳು. ಎತ್ತಿದ ಕೈ ಬಹಳ ಹೊತ್ತು ಹಾಗೇ ಇತ್ತು. ಕೊನೆಗೆ ವಾಚನ್ನು ಜೇಬಿಗೆ ಹಾಕಿಕೊಂಡ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಶೋದ ಸೀರೆಯ ಗಂಟು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಅಂಗಡಿಯ ಕೌಂಟರಿನಲ್ಲಿ ದಿನವೂ ಕೂರುವವಳು ಅವಳೇ. ಅವನು ಕಲಿಸಿದ್ದನ್ನೆಲ್ಲ ಕಲಿತವಳು.

“ಯಾಕ್ರೀ ಮುಖ ಹೀಗಾಗಿದೆ? ಸಿಕ್ಕಿತಾ ವಾಚು?”

ಅವನು ಎರಡನ್ನೂ ಅವಳ ಮಡಿಲಲ್ಲಿಟ್ಟ. ಕೈಗೆ ಕೊಡಲಿಲ್ಲ.

“ಅಯ್ಯೋ, ಈ ಹಳೇದು ಎಷ್ಟು ಚೆನ್ನಾಗಿದೆ! ಅಪ್ಪಟದ್ದಾ? ನೋಡ್ಲಾ?”

ಬೇಡ ಎನ್ನಬೇಕು. ಎಂದರೂ ಕೇಡು, ಎನ್ನದಿದ್ದರೂ… ಇಲ್ಲ, ಕಿತ್ತುಕೊಂಡು ಎಸೆದರೆ ಅವಳು ಉಳಿಯುತ್ತಾಳೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ನಕ್ಕ. ದೇವರಾಜ್ ನಕ್ಕ ಹಾಗೆಯೇ.

“ಕಣ್ಣಿಟ್ಟು ನೋಡಬೇಡ ಅಂತ ಅಲ್ಲೊಬ್ಬಳು ಮುದುಕಿ ಹೆದರಿಸಿದ್ಳು. ನೋಡಬೇಡ ಮಾರಾಯ್ತಿ.”

“ನಿಮಗೆ ಯಾವಾಗಿಂದ ಇಂಥದ್ರಲ್ಲಿ ನಂಬಿಕೆ ಬಂತು?” ಯಶೋದ ನಗುತ್ತಲೇ ಬೊಗಸೆ ಮುಚ್ಚಿ ಕಣ್ಣಿಗೊತ್ತಿದಳು.

ಬಲಗಡೆಯ ಲೋಕ ಮೆಲ್ಲಗೆ ತೆರೆದುಕೊಂಡಿತು. ಮೊದಲು ಬೆಳಕು. ಆಮೇಲೆ ಬಸ್ಸಿನ ಬೋರ್ಡಿನ ಮೇಲೆ ‘ಮೈಸೂರು’ ಎಂಬ ಅಕ್ಷರ. ಆಮೇಲೆ ಗಂಟಿನಿಂದ ಹೊರಗೆ ಇಣುಕುತ್ತಿದ್ದ ಸೀರೆಯ ಕೆಂಪಂಚು, ಅದರ ಒಂದೊಂದು ಎಳೆಯೂ.

“ರೀ… ಪಾಚಿ ವಾಸನೆ ಬರ್ತಿದೆ. ಒಳಗೆ ಯಾರೋ…” ಅವಳ ಕೈಯಿಂದ ವಾಚು ಜಾರಿತು. “ರೀ, ಈ ಕಣ್ಣಿಗೆ ಏನೂ ಕಾಣ್ತಿಲ್ಲ. ಎಲ್ಲಿದ್ದೀರಿ? ಕೈ ಕೊಡ್ರೀ.”

ಶಿವಶಂಕರ ಕೈ ಕೊಟ್ಟ. ಅವಳು ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡು, “ಸದ್ಯ, ನೀವಿದ್ದೀರಲ್ಲ” ಎಂದಳು.