ಮೊದಲೇ ತೆರೆದ ಕಿಟಕಿ

೧೯೫೭, ಮಾರ್ಚ್ ೧೧, ಸೋಮವಾರ ಬೆಳಗ್ಗೆ ಆಟ್ರಾಕ್ಟಾ ಲ್ಯಾವಿನ್ ಕಿಲ್‌ಬ್ರ್ಯಾಕನ್ ಠಾಣೆಗೆ ಬಂದು, ಶಾಲಿನಲ್ಲಿ ಸುತ್ತಿ ತಂದಿದ್ದ ಕಲ್ಲನ್ನು ಇನ್ಸ್‌ಪೆಕ್ಟರ್ ಮಲ್‌ಕ್ವೀನನ ಮೇಜಿನ ಮೇಲಿಟ್ಟಳು.

"ಇದು ನಾಲ್ಕನೇದು ಸ್ವಾಮಿ. ಗಾಜು ಒಡೆದು ಹಾಸಿಗೆ ಮೇಲೇ ಬಿತ್ತು. 'ಕೊಲೆಗಾತಿ' ಅಂತ ಕೂಗಿ ಓಡಿಹೋದ್ರು."

ಕಾರಣ ಮಲ್‌ಕ್ವೀನನಿಗೂ ಗೊತ್ತಿತ್ತು. ಡಬ್ಲಿನ್ನಿನ ಮಾಸಪತ್ರಿಕೆಯೊಂದರಲ್ಲಿ ಸೈಮನ್ ಗ್ರೇ ಎಂಬ ಕಾವ್ಯನಾಮದಲ್ಲಿ ಒಂದು ಸಣ್ಣಕತೆ ಬಂದಿತ್ತು. ಹಾಸಿಗೆ ಹಿಡಿದ ಮುದುಕಿಯ ಮುಖಕ್ಕೆ ಮನೆಗೆಲಸದವಳು ದಿಂಬು ಒತ್ತಿ ಕೊಲ್ಲುವ ಕತೆ. ಅದರೊಳಗಿನ ಮನೆ, ಮೆಟ್ಟಿಲು, ಮುದುಕಿಯ ಕೆಂಪು ಶಾಲು ಎಲ್ಲವೂ ನವೆಂಬರಿನಲ್ಲಿ ತೀರಿಕೊಂಡ ಒನೋರಾ ಕಾಸ್ಟಿಗನ್ನಳದೇ. ಅವಳ ಮಲಮೂತ್ರ ಬಳಿದು ನೋಡಿಕೊಂಡವಳು ಆಟ್ರಾಕ್ಟಾ. ಅಷ್ಟು ಸಾಕಾಯಿತು ನಮ್ಮ ಜನಕ್ಕೆ! ಅಂಗಡಿಯವನು ಬ್ರೆಡ್ಡು ಕೊಡುವುದನ್ನು ನಿಲ್ಲಿಸಿದ, ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರದಾದರು.

"ಕತೆ ಓದಿದ್ದೀಯಾ?"

"ಓದಿದೆ. ಅದರಲ್ಲಿ ಒಂದು ಮಾತಿದೆ ಸ್ವಾಮಿ. ಅದನ್ನ ನಾನು ಕಿವಿಯಾರೆ ಕೇಳಿದ್ದೆ."

ಒನೋರಾ ತೀರಿಕೊಂಡ ದಿನ ಅವಳು ನೀರು ಹೊತ್ತು ಗೇಟಿನ ಬಳಿ ಬಂದಾಗ ಮಹಡಿಯ ಕಿಟಕಿ ಪೂರಾ ತೆರೆದಿತ್ತು. ಪ್ರಾಣ ಹೋದ ಮೇಲೆ ಆತ್ಮ ಹೊರಡಲೆಂದು ಕಿಟಕಿ ತೆರೆಯುತ್ತಾರೆ. ಆ ಚಳಿಯಲ್ಲಿ ಇನ್ನೇತಕ್ಕೂ ಅಲ್ಲ. ಯಜಮಾನಿ ಹೋದರೆಂದು ಆಟ್ರಾಕ್ಟಾ ಶಿಲುಬೆಯ ಗುರುತು ಮಾಡಿಕೊಂಡಳು. ಅಷ್ಟರಲ್ಲಿ ಮೇಲಿನಿಂದ ಯಜಮಾನಿಯೇ ಗುಡುಗಿದಳು: "ಮುಚ್ಚು ಆ ಕಿಟಕೀನ! ಏನವಸರ? ನಾನಿನ್ನೂ ಸತ್ತಿಲ್ಲ!"

ಆಟ್ರಾಕ್ಟಾಗೆ ನಗು ಬಂದಿತ್ತು. ಕೊಡ ಇಳಿಸಿ, ಒಲೆಗೆ ಸೌದೆ ಒಡ್ಡಿ, ಮೇಲೆ ಹೋದರೆ ಮುದುಕಿ ಸತ್ತಿದ್ದಳು. ಪಕ್ಕದಲ್ಲಿ ಮಗ ನಿಂತಿದ್ದ. ನಿದ್ದೆಯಲ್ಲೇ ಹೋದಳು, ಈಗಷ್ಟೇ ಕಿಟಕಿ ತೆರೆದೆ ಎಂದ. ಡಾಕ್ಟರ ಮುಂದೆಯೂ ಅದನ್ನೇ ಹೇಳಿದ.

"ಆಗಲೇ ಯಾಕೆ ಬಾಯಿ ಬಿಡಲಿಲ್ಲ?"

"ಅವರೆಲ್ಲಿ, ನಾನೆಲ್ಲಿ? ನಾನಿರೋ ಗುಡಿಸಲೂ ಅವರದ್ದೇ. ಪಾದ್ರಿಗಳಿಗೂ ಹೇಳಿಲ್ಲ."

ಮಗ ಎಂದರೆ ಡೆಸ್ಮಂಡ್ ಕಾಸ್ಟಿಗನ್, ಐರ್ಲೆಂಡಿಗೆಲ್ಲ ಹೆಸರಾದ ಕಾದಂಬರಿಕಾರ. ಮಲ್‌ಕ್ವೀನ್ ದೂರು ದಾಖಲಿಸಿ ಯೋಚಿಸಿದ. ಆಟ್ರಾಕ್ಟಾ ಯಾರಿಗೂ ಹೇಳದ ಆ ಮಾತು ಕತೆಗೆ ಬರಬೇಕಾದರೆ ಬರೆದವನು ಕೋಣೆಯಲ್ಲಿದ್ದಿರಲೇಬೇಕು. ಆದರೆ ಸೈಮನ್ ಗ್ರೇ ಎಂದರೆ ಕಾಸ್ಟಿಗನ್ನನೇ ಎನ್ನುವುದಕ್ಕೆ ಪುರಾವೆಯೇನು? ಫೋನಿನಲ್ಲಿ ಸಂಪಾದಕ ಜಪ್ಪಯ್ಯ ಎಂದರೂ ಹೆಸರು ಹೇಳಲಿಲ್ಲ.

ಬುಧವಾರ ಕಾಸ್ಟಿಗನ್ ಡಬ್ಲಿನ್ನಿಗೆ ಹೋಗಿದ್ದಾಗ, ನ್ಯಾಯಾಧೀಶರ ಅಪ್ಪಣೆ ಪಡೆದು, ಪೇದೆ ಟಬ್ರಿಡಿಯನ್ನು ಅವನ ಮನೆಯ ಮಹಡಿಗೆ ಕಳಿಸಿ, ಕಿಟಕಿ ತೆರೆಸಿ, ಮುದುಕಿಯ ಮಾತನ್ನೇ ಕೂಗಿಸಿದ್ದಾಯಿತು. ಗೇಟಿನಲ್ಲಿ ನಿಂತ ಮಲ್‌ಕ್ವೀನನಿಗೆ ಪ್ರತಿ ಅಕ್ಷರವೂ ಕೇಳಿಸಿತು. ಸಾಕೆಂದರೂ ಟಬ್ರಿಡಿ ಇನ್ನೊಮ್ಮೆ ಕೂಗಿದ. ಪಂಚನಾಮೆಯಾಯಿತು.

ಶುಕ್ರವಾರ ಇಬ್ಬರೂ ಕಾಸ್ಟಿಗನ್ನನ ಮುಂದೆ ಕೂತರು.

"ಸೈಮನ್ ಗ್ರೇ ಯಾರಂತ ಊರಿಗೆಲ್ಲ ಗೊತ್ತಾಯ್ತು ಸರ್. ನಮ್ಮ ಮೀಹನ್ ಮೇಷ್ಟ್ರು," ಎಂದ ಮಲ್‌ಕ್ವೀನ್.

"ಯಾರು? ಆ ಸ್ಕೂಲ್ ಮೇಷ್ಟ್ರಾ?"

"ಪಬ್ಬಲ್ಲಿ ಎಲ್ರೂ ಅವರಿಗೇ ಕುಡಿಸ್ತಿದ್ದಾರೆ. ಅವರೂ ನಾನಲ್ಲ ಅಂತಿಲ್ಲ. ನಿಮ್ಮ ಕಾದಂಬರಿಗಳನ್ನೆಲ್ಲ ಆ ಒಂದು ಕತೆ ನಿವಾಳಿಸಿ ಎಸೀತು ಅಂತಾರೆ ಜನ."

"ಮುದುಕಿ ಕೊನೇ ಮಾತಿದೆಯಲ್ಲ ಸರ್, ಅದು ಗಡ್ಡ ಕೆರೀವಾಗ ಹೊಳೀತಂತೆ," ಎಂದು ಟಬ್ರಿಡಿ ತನ್ನದೊಂದು ಸುಳ್ಳು ಸೇರಿಸಿದ.

ಕಾಸ್ಟಿಗನ್ನನ ಮುಖ ಕೆಂಪಾಯಿತು. "ಹೊಳೀತಂತಾ? ಆ ಗುಗ್ಗೂಗಾ? ಅಂಥ ಮಾತು ಯಾರಿಗೂ ಹೊಳೆಯಲ್ಲ ಕಣ್ರೀ! ಕೇಳಿದ್ರೆ ಮಾತ್ರ ಬರೀಬಹುದು. ಕೇಳಿದವನೂ ನಾನು, ಬರೆದವನೂ ನಾನು!"

"ಎಲ್ಲಿ ಕೇಳಿದ್ರಿ?"

ಕಾಸ್ಟಿಗನ್ ಮಹಡಿಯ ಮೆಟ್ಟಿಲ ಕಡೆ ನೋಡಿದ.

"ಅಮ್ಮ ಹೋದ ಮೇಲೆ ಕಿಟಕಿ ತೆರೆದೆ ಅಂದಿದ್ರಿ. ಆದ್ರೆ 'ಮುಚ್ಚು ಆ ಕಿಟಕೀನ' ಅಂತ ಅವರು ಕೂಗಿದ್ದನ್ನ ಗೇಟಿನಲ್ಲಿ ನಿಂತು ಆಟ್ರಾಕ್ಟಾನೂ ಕೇಳಿದ್ದಾಳೆ ಸರ್. ಏಳಿ."

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ಬರೆದದ್ದನ್ನೆಲ್ಲ ಮೊದಲು ತಾಯಿಗೆ ಓದುತ್ತಿದ್ದನಂತೆ. ಅವಳು ಕೇಳಿ, "ಜೀವ ಇಲ್ಲ ಮಗನೇ," ಎಂದು ಗೋಡೆ ಕಡೆ ತಿರುಗುತ್ತಿದ್ದಳಂತೆ. ಮೂವತ್ತು ವರ್ಷ ಒಂದೇ ಮಾತು.

"ಕಿಟಕಿ ಮೊದಲೇ ಯಾಕೆ ತೆರೆದ್ರಿ?"

"ಆಮೇಲೆ ತೆರೆಯೋಕೆ ಕೈ ಬರದಿದ್ರೆ? ಅವಳು ಒಳಗೇ, ನನ್ನ ಜೊತೆ ಉಳಿದುಬಿಟ್ಟಿದ್ರೆ?" ಎಂದ ಕಾಸ್ಟಿಗನ್.

"ಆಟ್ರಾಕ್ಟಾ ನಿಮಗೇನು ಮಾಡಿದ್ಲು?"

"ಏನೂ ಇಲ್ಲ. ಕತೆಗೆ ಯಾರಾದ್ರೂ ಬೇಕಿತ್ತು."

ಮುಂದಿನ ತಿಂಗಳು ಪತ್ರಿಕೆ ಅದೇ ಕತೆಯನ್ನು ಕಾಸ್ಟಿಗನ್ನನ ಸ್ವಂತ ಹೆಸರಿನಲ್ಲಿ ಮತ್ತೆ ಅಚ್ಚು ಹಾಕಿತು. ಪ್ರತಿಗಳು ಬಿಸಿ ದೋಸೆಯಂತೆ ಖರ್ಚಾದವು. ಮೊದಲ ದಿನವೇ ಆಟ್ರಾಕ್ಟಾ ಮತ್ತೆ ಠಾಣೆಗೆ ಬಂದಳು.

"ಈಗೇನಂತೆ?" ಎಂದ ಮಲ್‌ಕ್ವೀನ್.

"ಗೊತ್ತಿದ್ದೂ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆನಂತೆ," ಎಂದು ಅವಳು ಐದನೇ ಕಲ್ಲನ್ನು ಮೇಜಿನ ಮೇಲಿಟ್ಟಳು.