ಮುಚ್ಚಿದ ಮಳೆತೋಟ

"ನಿಮ್ಮ ಮನೆ ಮಾಡಿನ ನೀರಿಗೆ ನಮ್ಮಮ್ಮ ಜಾರಿಬಿದ್ದು ಕೈ ಮುರ್ಕೊಂಡ್ರು! ಗೊತ್ತಾ ನಿಮ್ಗೆ?"

ಗೇಟಿನಲ್ಲೇ ಕೂಗಾಡಿದಳು ಚೈತನ್ಯಾ. ತೀರ್ಥಹಳ್ಳಿಯ ಆ ಇಳಿಜಾರಿನ ಬಡಾವಣೆಯಲ್ಲಿ ಸುಘೋಷನ ಮನೆ ಮೇಲೆ, ಅವಳ ಮನೆ ಕೆಳಗೆ. ಜಗಳಕ್ಕೆಂದೇ ಬಂದಿದ್ದಳು. ಆದರೆ ಹೈಸ್ಕೂಲು ಮೇಷ್ಟ್ರಾದ ಸುಘೋಷ, "ತಪ್ಪು ನಮ್ದೇ. ಸರಿ ಮಾಡ್ತೀನಿ" ಅಂದುಬಿಟ್ಟ!

ಭಾನುವಾರ ಅವನೇ ಗುದ್ದಲಿ ಹಿಡಿದ. ಅಂಗಳದ ಕೆಳಬದಿಯಲ್ಲಿ ಬಾಣಲೆಯಂಥ ಗುಂಡಿ. ಮಾಡಿನ ನೀರೆಲ್ಲ ಪೈಪಿನಲ್ಲಿ ಅಲ್ಲಿಗಿಳಿದು ಇಂಗಬೇಕು. ಮಳೆತೋಟ ಅಂತೆ!

"ಇಷ್ಟೇ ಆಳ ಸಾಕಾ?"

"ಮೊಣಕಾಲುದ್ದ ಸಾಕು. ನೀರು ಒಂದೇ ದಿನದಲ್ಲಿ ಇಂಗ್ಬೇಕು, ಇಲ್ಲಾಂದ್ರೆ ಸೊಳ್ಳೆ."

"ಪಾಠ ಸಾಕು ಮೇಷ್ಟ್ರೇ, ಆ ಬುಟ್ಟಿ ಕೊಡಿ ಇತ್ಲಾಗೆ."

ನೋಡಲು ಬಂದವಳು ಮಣ್ಣು ಹೊತ್ತಳು. ಮೇಳಿಗೆಯ ಚಿಕ್ಕಮ್ಮನ ಮನೆಯಿಂದ ಗಿಡ ತಂದಳು. ನೀರು ನಿಲ್ಲುವ ನಡುವಿಗೆ ಬಜೆ, ಅಂಚಿಗೆ ಲಾವಂಚ.

ಮೊದಲ ದೊಡ್ಡ ಮಳೆಗೆ ಗುಂಡಿ ತುಂಬಿತು. ಕೆಳಗಿನ ಅಂಗಳಕ್ಕೆ ಹನಿಯೂ ಇಳಿಯಲಿಲ್ಲ! ಒಂದೇ ಕೊಡೆಯಡಿ ಇಬ್ಬರೂ...

"ಅಪ್ಪನ ಹತ್ರ ಮಾತಾಡ್ತೀನಿ ಚೈತನ್ಯಾ. ನಿನ್ನ ಬಿಟ್ಟು ಆಗಲ್ಲ ನಂಗೆ."

ಎಂಟು ದಿನ ಕಳೆಯಿತು. ಒಂದು ಫೋನೂ ಇಲ್ಲ.

ಒಂಬತ್ತನೇ ದಿನ ಲ್ಯಾಬಿನ ಕೆಲಸ ಮುಗಿಸಿ ಬಂದವಳು ದಾರಿಯಲ್ಲೇ ನಿಂತುಬಿಟ್ಟಳು. ಮಳೆತೋಟ ಇರಲಿಲ್ಲ! ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತರಿಸಿ ಮುಚ್ಚಿದ್ದರು. ಜಗಲಿಯಲ್ಲಿ ಅವನ ಅಪ್ಪ ಗೋವಿಂದ ಭಟ್ಟರು. ಪಕ್ಕದಲ್ಲಿದ್ದ ಸುಘೋಷ ಅವಳನ್ನು ಕಂಡದ್ದೇ ಎದ್ದು ಒಳಗೆ ಹೋದ.

'ಗದ್ದೆ ಗೇಣಿಗೆ ಮಾಡ್ತಿದ್ದವರ ಮನೆ ಹುಡುಗಿ ಅಂತ ಈಗ ನೆನಪಾಯ್ತಾ ಇವನಿಗೆ?' ಅಂದುಕೊಂಡಳು.

ಅವಳು ಅಳಲಿಲ್ಲ. ಸಾಗರದಲ್ಲಿ ಕೆಲಸ ಹುಡುಕಿ, ಅಮ್ಮ ಜಲಜಮ್ಮನನ್ನು ಕರೆದುಕೊಂಡು ಹೊರಟುಬಿಟ್ಟಳು.

ಎರಡು ವರ್ಷವಾಯಿತು. ಅಮ್ಮ ಹೃದಯಾಘಾತದಿಂದ ತೀರಿಕೊಂಡ ಹದಿನೈದನೇ ದಿನ ಬಾಗಿಲಲ್ಲಿ ಸುಘೋಷ ನಿಂತಿದ್ದ.

"ಈಗ ಯಾಕೆ ಬಂದ್ರಿ?"

"ಆವತ್ತು ನಾನು ನಮ್ಮ ವಿಷಯ ಹೇಳಿದ್ದೇ ಅಪ್ಪ ನಿಮ್ಮನೆಗೆ ಹೋಗಿ ನಿಮ್ಮಮ್ಮನಿಗೆ ಆಡಬಾರದ ಮಾತೆಲ್ಲ ಆಡಿದ್ರಂತೆ. ಮಾರನೇ ದಿನ ನಿಮ್ಮಮ್ಮ ಸ್ಕೂಲಿಗೆ ಬಂದು ನಂಗೆ ಕೈ ಮುಗಿದ್ರು. 'ನನ್ನ ಮಗಳು ಯಾರ ಜಗಲಿ ಮುಂದೂ ತಲೆ ಬಗ್ಗಿಸಿ ನಿಲ್ಲಬಾರ್ದು. ನಾನಿರೋವರೆಗೂ ಅವಳ ಕಣ್ಣಿಗೆ ಬೀಳ್ಬೇಡಿ' ಅಂದ್ರು. ಮಾತು ಕೊಟ್ಟೆ..."

ತಲೆ ಬಗ್ಗಿಸಿ ನಿಲ್ಲಬಾರದು! ಅಮ್ಮ ದಿನಾ ಹೇಳುತ್ತಿದ್ದ ಮಾತೇ ಅದು. ಚೈತನ್ಯಾ ಬಾಗಿಲು ಹಿಡಿದುಕೊಂಡಳು.

"ನೀವೂ ಅಮ್ಮನೂ ಸೇರಿ ನನ್ನ ಬದುಕು ತೀರ್ಮಾನ ಮಾಡಿದ್ರಿ. ನನ್ನ ಒಂದು ಮಾತು ಕೇಳ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ ಅಲ್ವಾ?"

ಅವನು ತಲೆ ತಗ್ಗಿಸಿದ. ಅಮ್ಮನನ್ನೂ ಹೀಗೇ ಕೇಳಬೇಕಿತ್ತು... ಜಗಳ ಆಡಲು ಅಮ್ಮನೇ ಇಲ್ಲ!

"ಮನೆ ಬಿಟ್ಟು ರಿಪ್ಪನ್‌ಪೇಟೆಗೆ ವರ್ಗ ತಗೊಂಡಿದೀನಿ. ನೀನು ಹೋಗು ಅಂದ್ರೆ ಹೋಗ್ತೀನಿ. ಈ ಸಲ ನಿನ್ನನ್ನೇ ಕೇಳ್ತಿದೀನಿ... ನನ್ನ ಜೊತೆ ಇರ್ತೀಯಾ?"

"ನಿಮ್ಮನ್ನ ಕ್ಷಮಿಸಿಲ್ಲ ನಾನು."

"ಗೊತ್ತು."

"ಕ್ಷಮಿಸ್ತೀನೋ ಇಲ್ವೋ, ಅದೂ ಗೊತ್ತಿಲ್ಲ."

"ಹೂಂ."

"ಒಂದು ದಿನಾನೂ ಮರೆಯೋಕಾಗ್ಲಿಲ್ಲ ನಿಮ್ಮನ್ನ... ಅದಕ್ಕೇ ಇಷ್ಟು ಸಿಟ್ಟು!"

ಎರಡು ವರ್ಷದ ಅಳು ಒಮ್ಮೆಲೇ ಒಡೆಯಿತು. ಅವನ ಕೈ ಮುಂದೆ ಬಂದು ಅರ್ಧದಲ್ಲೇ ನಿಂತಿತು.

"ಹಿಡ್ಕೊಳ್ಲಾ?"

"ಹೀಗೇ ಕೇಳಿ... ಇನ್ಮೇಲೆ ಎಲ್ಲಾನೂ ಕೇಳಿ," ಅಂದು ಅವಳೇ ಆ ಕೈ ಹಿಡಿದಳು.